ಮನೆಯಲ್ಲಿ ಎನಿಮಾ: ಯಾರಿಗೆ, ಹೇಗೆ, ಎಲ್ಲಿಯವರೆಗೆ

ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಬೆಳಗಿನ ಹೊತ್ತು ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಇಟ್ಟು, ಅದು ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನ ಎನಿಮಾ ಕೊಡುವುದು, ಅಂದರೆ ಗುದದ ಮೂಲಕ ಕರುಳಿಗೆ ನೀರು ಹಾಯಿಸುವುದು, ಬಹಳ ಹಿಂದಿನಿಂದ ನಡೆದು ಬಂದಿರುವ ಕ್ರಮ. ಗಾಂಧೀಜಿಯವರು ಸ್ವತಃ ಎನಿಮಾ ತೆಗೆದುಕೊಳ್ಳುತ್ತಿದ್ದರು ಮತ್ತು 1946ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಬಡವರಿಗಾಗಿ ಪ್ರಕೃತಿ ಚಿಕಿತ್ಸೆಯ ಆಶ್ರಮವನ್ನು ಆರಂಭಿಸಿದರು. ನಮ್ಮಲ್ಲಿ 1989ರಲ್ಲಿ ಉಜಿರೆಯಲ್ಲಿ ಈ ವಿಷಯಕ್ಕಾಗಿಯೇ ಕಾಲೇಜು ಶುರುವಾದ ಮೇಲೆ ಪದವಿ ಪಡೆದ ವೈದ್ಯರೂ ಬಂದರು. ಹೀಗೆ ಚಿಕಿತ್ಸಾಲಯಕ್ಕೆ ಹೋಗಿ ಬಂದವರಲ್ಲಿ ಹಲವರು ಔಷಧಿ ಅಂಗಡಿಯಿಂದ ಒಂದು ಎನಿಮಾ ಡಬ್ಬಿ ತಂದು, ಅಲ್ಲಿ ನೋಡಿದ್ದನ್ನು ಮನೆಯಲ್ಲಿ ಮುಂದುವರಿಸುತ್ತಾರೆ. ಆದರೆ ಅಲ್ಲಿ ವೈದ್ಯರು ಮೊದಲು ತಪಾಸಣೆ ಮಾಡಿರುತ್ತಾರೆ, ನೀರಿನ ಬಿಸಿಯನ್ನೂ ಡಬ್ಬಿಯ ಎತ್ತರವನ್ನೂ ಸಹಾಯಕರು ನೋಡಿಕೊಂಡಿರುತ್ತಾರೆ. ಮನೆಯಲ್ಲಿ ಆ ಎರಡೂ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಈ ಬರಹ ಆ ಹೊಣೆಯನ್ನು ಹೊರಬೇಕಾದ ವಯಸ್ಕರಿಗಾಗಿ.

ಎನಿಮಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿದೆ. ಮನೆಯಲ್ಲಿ ಕೊಡುವ ಅರ್ಧ ಲೀಟರ್ ನೀರು ಅದರ ಕೊನೆಯ ಭಾಗವನ್ನು, ಅಂದರೆ ಗುದನಾಳ ಮತ್ತು ಎಡಭಾಗದ ಕರುಳಿನ ಸ್ವಲ್ಪ ದೂರವನ್ನು ಮಾತ್ರ ಮುಟ್ಟುತ್ತದೆ. ಅಲ್ಲಿ ಗಟ್ಟಿಯಾಗಿ ನಿಂತ ಮಲವನ್ನು ಮೆತ್ತಗೆ ಮಾಡುತ್ತದೆ, ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ, ಆ ಹಿಗ್ಗುವಿಕೆಯಿಂದ ಮಲವಿಸರ್ಜನೆಯ ಪ್ರೇರಣೆ ಬರುತ್ತದೆ. ಎನಿಮಾದ ಕೆಲಸ ಇಷ್ಟೇ. ಮೂರು ನಾಲ್ಕು ದಿನ ಹೊರಹೋಗದೆ ಒದ್ದಾಡಿದವರಿಗೆ ಈ ಇಷ್ಟರಿಂದ ಸಿಗುವ ನೆಮ್ಮದಿ ಸಣ್ಣದಲ್ಲ.

ಕರುಳಿನ ಗೋಡೆಗೆ ವರ್ಷಗಟ್ಟಲೆಯಿಂದ ಮಲ ಅಂಟಿಕೊಂಡಿರುತ್ತದೆ, ಅದರ ವಿಷ ರಕ್ತಕ್ಕೆ ಸೇರಿ ಮೈಮನಸ್ಸನ್ನು ಕೆಡಿಸುತ್ತದೆ ಎಂಬ ಮಾತು ಮಾತ್ರ ನಿಜವಲ್ಲ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತಿರುತ್ತವೆ. ರಕ್ತವನ್ನು ಶುದ್ಧಿ ಮಾಡುವ ಕೆಲಸವನ್ನು ಪಿತ್ತಜನಕಾಂಗವೂ ಮೂತ್ರಪಿಂಡಗಳೂ ಮಾಡುತ್ತವೆ. ಈ ಸ್ವವಿಷದ ವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಬಲವಾಗಿತ್ತು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ಅದನ್ನು ಪ್ರಶ್ನಿಸಿದರು. ಮಲಬದ್ಧತೆಯಿರುವವರ ತಲೆಭಾರ, ಮಂಕು, ಕಿರಿಕಿರಿ ಎಲ್ಲವೂ ಹೊಟ್ಟೆ ಖಾಲಿಯಾದ ಕೂಡಲೇ ಇಳಿಯುತ್ತವೆ. ರಕ್ತದಲ್ಲಿ ವಿಷ ತುಂಬಿದ್ದೇ ಕಾರಣವಾಗಿದ್ದರೆ ಅದು ಇಷ್ಟು ಬೇಗ ಇಳಿಯುವುದು ಸಾಧ್ಯವಿರಲಿಲ್ಲ, ಹಿಗ್ಗಿದ ಗುದನಾಳದ ನರಗಳೇ ಈ ಲಕ್ಷಣಗಳನ್ನು ಹುಟ್ಟಿಸುತ್ತವೆ ಎಂಬುದು ಅವರ ವಾದ. ಆ ಕಾಲದಲ್ಲೇ ನಡೆದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಗುದನಾಳದಲ್ಲಿ ಹತ್ತಿ ತುಂಬಿದಾಗ ಅವರಿಗೂ ಅದೇ ತಲೆಭಾರ, ಅದೇ ಮಂಕು ಬಂದಿತ್ತು; ಹತ್ತಿ ತೆಗೆದ ಮೇಲೆ ಹೋಗಿತ್ತು.

ಎನಿಮಾ ಆದ ಮೇಲೆ ಮನಸ್ಸು ಹಗುರಾಯಿತು ಎನ್ನುವವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹಗುರಕ್ಕೆ ಇದೇ ಸರಿಯಾದ ವಿವರಣೆ ಎಂದು ನನಗೆ ಅನ್ನಿಸುತ್ತದೆ. ಕರುಳಿಗೂ ಮಿದುಳಿಗೂ ಇರುವ ಸಂಬಂಧ ನಿಜವಾದದ್ದೇ. ಕರುಳಿನ ಗೋಡೆಯಲ್ಲಿ ಅದರದೇ ಆದ ದೊಡ್ಡ ನರಜಾಲವಿದೆ, ದೇಹದ ಸೆರೊಟೋನಿನ್‌ನ ಬಹುಪಾಲು ತಯಾರಾಗುವುದು ಅಲ್ಲಿಯೇ. ಆದರೆ ಆ ಸೆರೊಟೋನಿನ್ ರಕ್ತದ ಮೂಲಕ ಮಿದುಳಿನೊಳಗೆ ಹೋಗುವುದಿಲ್ಲ. ಕರುಳನ್ನು ತೊಳೆದರೆ ಖಿನ್ನತೆ ಅಥವಾ ಆತಂಕದ ಕಾಯಿಲೆ ವಾಸಿಯಾಗುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಲ್ಲ. ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಾಣುಗಳ ಮಟ್ಟಿಗೆ ಹೇಳುವುದಾದರೆ, ತೊಳೆಯುವುದರಿಂದ ಅವು ಬೆಳೆಯುವುದಿಲ್ಲ; ನಾವು ತಿನ್ನುವ ನಾರಿನಿಂದ ಬೆಳೆಯುತ್ತವೆ.

ಆದ್ದರಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎನಿಮಾವನ್ನು ನೆಚ್ಚಿಕೊಂಡು ಮಾತ್ರೆ ನಿಲ್ಲಿಸಬಾರದು. ಆ ಮಾತ್ರೆಗಳಲ್ಲಿ ಕೆಲವೇ ಮಲಬದ್ಧತೆಗೆ ಕಾರಣವಾಗಿರುವುದೂ ಉಂಟು. ಅಮಿಟ್ರಿಪ್ಟಿಲಿನ್ ಅಂಥ ಒಂದು ಔಷಧ; ಕ್ಲೊಜಪಿನ್‌ನಿಂದ ಬರುವ ಮಲಬದ್ಧತೆ ಜೀವಕ್ಕೇ ಅಪಾಯ ತರುವಷ್ಟು ಹೆಚ್ಚಾಗಬಹುದು. ಲಿಥಿಯಂ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಮತ್ತು ಉಪ್ಪಿನ ಪ್ರಮಾಣ ಏರುಪೇರಾದರೆ ರಕ್ತದಲ್ಲಿನ ಲಿಥಿಯಂ ಮಟ್ಟವೂ ಬದಲಾಗುತ್ತದೆ. ಇಂಥವರು ವೈದ್ಯರನ್ನು ಕೇಳದೆ ಮನೆಯಲ್ಲಿ ಎನಿಮಾ ಮಾಡಿಕೊಳ್ಳಲೇಬಾರದು. ಮನಸ್ಸು ಕುಗ್ಗಿರುವವರಿಗೆ, ನಿದ್ದೆ ಬಾರದವರಿಗೆ, ಬದುಕು ಬೇಡವೆನಿಸಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಯಾರು ಮಾಡಿಕೊಳ್ಳಬಾರದು

ರಕ್ತ ಬೀಳುವ ಮೂಲವ್ಯಾಧಿ, ಗುದದ ಬಿರುಕು, ಗುದನಾಳ ಜಾರುವಿಕೆ ಇರುವವರು, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಮುಂತಾದ ಕರುಳಿನ ಉರಿಯೂತ ಇರುವವರು, ಇತ್ತೀಚೆಗೆ ಹೊಟ್ಟೆ ಅಥವಾ ಗುದದ ಶಸ್ತ್ರಚಿಕಿತ್ಸೆ ಆದವರು, ಹೃದಯ ವೈಫಲ್ಯ, ಮೂತ್ರಪಿಂಡದ ಕಾಯಿಲೆ, ಪಿತ್ತಜನಕಾಂಗದ ಸಿರೋಸಿಸ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಬೆನ್ನುಹುರಿಗೆ ಪೆಟ್ಟಾಗಿರುವವರು, ಗರ್ಭಿಣಿಯರು: ಇವರಾರೂ ವೈದ್ಯರ ಸೂಚನೆಯಿಲ್ಲದೆ ಮನೆಯಲ್ಲಿ ಎನಿಮಾ ಮಾಡಿಕೊಳ್ಳಬಾರದು. ಮಕ್ಕಳಿಗೆ ಮನೆಯಲ್ಲಿ ಕೊಡಲೇಬಾರದು, ಅವರ ಪುಟ್ಟ ದೇಹದಲ್ಲಿ ಲವಣಾಂಶ ಬಹುಬೇಗ ಏರುಪೇರಾಗುತ್ತದೆ. ತೂಕ ಇಳಿಸಲು, ತಿಂದದ್ದನ್ನು ಹೊರಹಾಕಲು ಎನಿಮಾ ಬೇಕೆಂದು ಯಾರಿಗಾದರೂ ಅನ್ನಿಸುತ್ತಿದ್ದರೆ ಅದು ತಿನ್ನುವಿಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಯ ಗುರುತಾಗಿರಬಹುದು, ಅದಕ್ಕೆ ಬೇರೆಯದೇ ಆರೈಕೆ ಬೇಕು.

ಹೊಟ್ಟೆನೋವಿನ ಜೊತೆಗೆ ವಾಂತಿ ಅಥವಾ ಜ್ವರವಿದ್ದರೆ, ಹೊಟ್ಟೆ ಉಬ್ಬಿ ಅಪಾನವಾಯು ಸಹ ಹೋಗದಿದ್ದರೆ ಅದು ಅಪೆಂಡಿಕ್ಸ್ ಇಲ್ಲವೇ ಕರುಳಿನ ಅಡಚಣೆ ಆಗಿರಬಹುದು. ಆಗ ಎನಿಮಾ ಕೊಡುವುದು ಅಪಾಯಕಾರಿ. ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಮೊದಲು ಸುಲಭವಾದದ್ದನ್ನು ಮಾಡಿ ನೋಡಿ

ಇಸಬಗೋಲು, ವೈದ್ಯರು ಹೇಳುವ ಲ್ಯಾಕ್ಟುಲೋಸ್ ಸಿರಪ್, ಗುದದಲ್ಲಿ ಇಡುವ ಗ್ಲಿಸರಿನ್ ಸಪೋಸಿಟರಿ, ಇವು ಎನಿಮಾಗಿಂತ ಹಗುರವಾದ ಉಪಾಯಗಳು. ಇಸಬಗೋಲನ್ನು ದೊಡ್ಡ ಲೋಟದ ತುಂಬ ನೀರಿನೊಂದಿಗೇ ಕುಡಿಯಬೇಕು, ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಇವುಗಳಿಂದ ಆಗದಿದ್ದಾಗ, ಕೆಳಭಾಗದಲ್ಲಿ ಮಲ ಬಂದು ನಿಂತಿದೆ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತಿರುವಾಗ, ಎನಿಮಾದ ಸರದಿ ಬರುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಸಿದ್ಧ ಫಾಸ್ಫೇಟ್ ಎನಿಮಾ ಅನುಕೂಲವಾಗಿ ಕಂಡರೂ ಅದು ಬರಿಯ ನೀರಿನಂತಲ್ಲ. ಒಂದು ದಿನದಲ್ಲಿ ಒಂದಕ್ಕಿಂತ ಹೆಚ್ಚು ಬಳಸಿದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಹಾನಿಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿದೆ. ವಯಸ್ಸಾದವರು ಅದನ್ನು ವೈದ್ಯರನ್ನು ಕೇಳಿಯೇ ಬಳಸಬೇಕು.

ಸಾಮಾನು ಮತ್ತು ನೀರು

ಎನಿಮಾ ಡಬ್ಬಿ ಅಥವಾ ಚೀಲ, ಉದ್ದನೆಯ ಕೊಳವೆ, ನೀರು ನಿಲ್ಲಿಸುವ ಕ್ಲಿಪ್ಪು, ಮತ್ತು ಕೊಳವೆಯ ತುದಿಗೆ ಸೇರಿಸುವ ಕ್ಯಾಥೆಟರ್ ಎಂಬ ಮೆತ್ತನೆಯ ಸಣ್ಣ ನಳಿಗೆ ಬೇಕು. ಡಬ್ಬಿಯ ಜೊತೆ ಬರುವ ಗಟ್ಟಿ ಪ್ಲಾಸ್ಟಿಕ್ ಮೂತಿಯನ್ನು ನೇರವಾಗಿ ಬಳಸದಿರುವುದೇ ಒಳ್ಳೆಯದು, ಏಕೆಂದರೆ ಗುದನಾಳದ ಗೋಡೆಗೆ ಗಾಯವಾಗುವುದು ಹೆಚ್ಚಾಗಿ ಇಂಥ ಗಟ್ಟಿ ತುದಿಗಳಿಂದ. ಸವರಲು ನೀರಿನಲ್ಲಿ ಕರಗುವ ಜೆಲ್ಲಿ ತನ್ನಿ. ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಆದರೆ ರಬ್ಬರ್ ಕ್ಯಾಥೆಟರಿಗೆ ಎಣ್ಣೆ ತಾಗಿದರೆ ಅದು ಕ್ರಮೇಣ ಉಬ್ಬಿ, ಅಂಟಂಟಾಗಿ, ಸಣ್ಣಗೆ ಬಿರಿಯತೊಡಗುತ್ತದೆ. ಬಿರಿದ ಕ್ಯಾಥೆಟರನ್ನು ಬೆರಳಿನಿಂದ ಎಳೆದು ನೋಡಿದರೆ ಗೆರೆಗಳು ಬಾಯಿ ಬಿಡುವುದು ಕಾಣುತ್ತದೆ. ಅಂಥದ್ದನ್ನು ಎಸೆಯಬೇಕು.

ನೀರು ಕುದಿಸಿ ಆರಿಸಿದ್ದಾಗಿರಬೇಕು. ಗೀಸರಿನ ನೀರು, ಬೋರ್‌ವೆಲ್ ನೀರು, ನಲ್ಲಿಯ ನೀರು ಯಾವುದನ್ನೂ ನೇರವಾಗಿ ಬಳಸಬಾರದು. ಸ್ವಚ್ಛತೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 1978ರಿಂದ 1980ರ ನಡುವೆ ಅಮೆರಿಕದ ಕೊಲೊರಾಡೊದ ಒಂದು ಚಿಕಿತ್ಸಾಲಯದಲ್ಲಿ ಯಂತ್ರದಿಂದ ಕರುಳು ತೊಳೆಸಿಕೊಂಡವರಲ್ಲಿ ಕನಿಷ್ಠ 36 ಮಂದಿಗೆ ಅಮೀಬಾ ಸೋಂಕು ತಗುಲಿತು, ಹತ್ತು ಮಂದಿಯ ಕರುಳನ್ನು ಕತ್ತರಿಸಬೇಕಾಯಿತು, ಅವರಲ್ಲಿ ಆರು ಮಂದಿ ಸತ್ತರು. ಸೋಂಕು ಹರಡಿದ್ದು ಸರಿಯಾಗಿ ಶುಚಿಯಾಗದ ಅದೇ ಯಂತ್ರದಿಂದ.

ಒಂದು ಲೀಟರ್ ನೀರಿಗೆ 9 ಗ್ರಾಂ ಪುಡಿಯುಪ್ಪು ಬೆರೆಸಿದರೆ ನೀರಿನ ಸಾಂದ್ರತೆ ದೇಹದ ದ್ರವಕ್ಕೆ ಹತ್ತಿರವಾಗುತ್ತದೆ. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಸಾಕು, ಅಂದರೆ 5 ಮಿಲಿಲೀಟರಿನ ಅಳತೆ ಚಮಚದಲ್ಲಿ ತಲೆತಟ್ಟಿ ಮುಕ್ಕಾಲು ಚಮಚ. ಕಲ್ಲುಪ್ಪಿನಲ್ಲಿ ಈ ಅಳತೆ ಸರಿ ಬರುವುದಿಲ್ಲ; ಅದನ್ನು ಬಳಸುವುದಾದರೆ ತೂಗಲೇಬೇಕು. ಚಿಕಿತ್ಸಾಲಯಗಳಲ್ಲಿ ಉಪ್ಪಿಲ್ಲದ ನೀರನ್ನೂ ಕೊಡುತ್ತಾರೆ. ಆದರೆ ಬರಿಯ ನೀರು ಹೊರಬಾರದೆ ಒಳಗೇ ನಿಂತರೆ, ಅಥವಾ ಮೇಲಿಂದ ಮೇಲೆ ಕೊಟ್ಟರೆ, ಅದು ರಕ್ತಕ್ಕೆ ಸೇರಿ ಸೋಡಿಯಂ ಮಟ್ಟ ಇಳಿಯುತ್ತದೆ. ಮನೆಯಲ್ಲಿ ಅಳೆದ ಉಪ್ಪುನೀರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಉಷ್ಣತೆ 37ರಿಂದ 38 ಡಿಗ್ರಿ ಸೆಲ್ಸಿಯಸ್ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಭಾಗಕ್ಕೆ ಹನಿಸಿ ನೋಡಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಕರುಳಿನ ಒಳಪದರಕ್ಕೆ ಚರ್ಮದಂತೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಸುಟ್ಟದ್ದು ಆಮೇಲೆ ಗೊತ್ತಾಗುತ್ತದೆ. ತಣ್ಣೀರಾದರೆ ಹೊಟ್ಟೆ ಹಿಂಡುತ್ತದೆ.

ನೀರಿಗೆ ಬೇರೇನನ್ನೂ ಬೆರೆಸಬಾರದು. ಸೋಪಿನ ನೀರು, ನಿಂಬೆರಸ, ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಕರುಳಿನ ಒಳಪದರವನ್ನು ಕೆರಳಿಸುತ್ತವೆ ಇಲ್ಲವೇ ಸುಡುತ್ತವೆ. ಕಾಫಿ ಎನಿಮಾದಿಂದ ಕರುಳು ಸುಟ್ಟ, ಲವಣಾಂಶ ಕುಸಿದು ಪ್ರಾಣ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆಯುರ್ವೇದದ ಬಸ್ತಿ ಬೇರೆಯೇ ಚಿಕಿತ್ಸೆ: ಕಷಾಯ, ಜೇನು, ಸೈಂಧವ, ತೈಲ, ಕಲ್ಕಗಳನ್ನು ರೋಗಿಯ ಪ್ರಕೃತಿ ನೋಡಿ ಬೆರೆಸುವುದು, ಕಷಾಯದ ಬಸ್ತಿಯಾದ ನಿರೂಹ ಮತ್ತು ಎಣ್ಣೆಯ ಬಸ್ತಿಯಾದ ಅನುವಾಸನಗಳಿಗೆ ಬೇರೆ ಬೇರೆ ವೇಳೆ ಇಡುವುದು ವೈದ್ಯರ ಕೆಲಸ. ಅದನ್ನು ಅಡುಗೆಮನೆಯಲ್ಲಿ ತಯಾರಿಸಿಕೊಳ್ಳಲು ಹೋಗಬಾರದು.

ಕ್ರಮ

ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತನ್ನು ಆರಿಸಿಕೊಳ್ಳಿ, ಅವರಿಗೆ ಹೇಳಿರಿ. ಹೊಟ್ಟೆ ಖಾಲಿಯಿರುವ ಬೆಳಗಿನ ಹೊತ್ತು ಅನುಕೂಲ. ಮೂತ್ರ ಮಾಡಿ ಬನ್ನಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಬೇಡಿ, ಏಕೆಂದರೆ ಕರುಳು ಹಿಗ್ಗಿದಾಗ ಕೆಲವರಿಗೆ ರಕ್ತದೊತ್ತಡ ಹಠಾತ್ತಾಗಿ ಇಳಿದು ತಲೆಸುತ್ತು ಬರುತ್ತದೆ. ನೆಲ ಒಣಗಿರಲಿ, ಹಾಸಿಕೊಳ್ಳಲು ಹಳೆಯ ದಪ್ಪ ಟವೆಲ್ಲು ಇರಲಿ, ಕಮೋಡು ಎರಡು ಹೆಜ್ಜೆಯಲ್ಲಿ ಸಿಗುವಂತಿರಲಿ.

ಕೈ ತೊಳೆದು ಡಬ್ಬಿಗೆ ಅರ್ಧ ಲೀಟರ್ ನೀರು ಹಾಕಿ. ಮೊದಲ ಸಲಕ್ಕೆ 300 ಮಿಲಿಲೀಟರ್ ಸಾಕು. ಹೆಚ್ಚು ನೀರು ಹೋದಷ್ಟೂ ಹೆಚ್ಚು ಶುದ್ಧಿ ಎಂದು ಭಾವಿಸಿ ಒಂದು ಲೀಟರನ್ನು ಎಂದೂ ಮೀರಬೇಡಿ. ಕ್ಲಿಪ್ಪು ಸಡಿಲಿಸಿ ಕೊಳವೆಯೊಳಗಿನ ಗಾಳಿ ಹೋಗಿ ನೀರು ಸರಾಗವಾಗಿ ಬರುವವರೆಗೆ ಬೇಸಿನ್ನಿಗೆ ಹರಿಯಬಿಟ್ಟು ಮತ್ತೆ ಕ್ಲಿಪ್ಪು ಹಾಕಿ. ಗಾಳಿ ಒಳಗೆ ಹೋದರೆ ಹೊಟ್ಟೆ ಸುಮ್ಮನೆ ನೋಯುತ್ತದೆ.

ಡಬ್ಬಿಯ ಎತ್ತರದಲ್ಲಿಯೇ ಹೆಚ್ಚಿನವರು ಎಡವುವುದು. ಬಚ್ಚಲಿನ ಬಾಗಿಲಿನ ಹಿಂದೆ ಬಟ್ಟೆ ತೂಗುಹಾಕುವ ಕೊಕ್ಕೆಗೆ ಡಬ್ಬಿ ಸಿಕ್ಕಿಸಿ ಕೆಳಗೆ ಮಲಗಿದರೆ ನೀರು ಐದಾರು ಅಡಿ ಎತ್ತರದಿಂದ ನುಗ್ಗುತ್ತದೆ, ಆ ಒತ್ತಡಕ್ಕೆ ಹೊಟ್ಟೆ ಒಮ್ಮೆಲೇ ಹಿಂಡಿ ನೀರು ನಿಲ್ಲದೆ ಹೊರಬರುತ್ತದೆ, ಗಾಯವಾಗುವ ಸಂಭವವೂ ಇರುತ್ತದೆ. ಡಬ್ಬಿಯಲ್ಲಿನ ನೀರು ನಿಮ್ಮ ಸೊಂಟಕ್ಕಿಂತ ಒಂದು ಮೊಳ, ಅಂದರೆ 45 ಸೆಂಟಿಮೀಟರಿಗಿಂತ ಎತ್ತರದಲ್ಲಿರಬಾರದು. ಪಕ್ಕದಲ್ಲಿ ಒಂದು ಸಣ್ಣ ಸ್ಟೂಲಿನ ಮೇಲೆ ಇಟ್ಟರೆ ಸರಿಹೋಗುತ್ತದೆ.

ಎಡಮಗ್ಗುಲಾಗಿ ಮಲಗಿ, ಎಡಗಾಲನ್ನು ಹೆಚ್ಚುಕಡಿಮೆ ನೇರವಾಗಿ ಬಿಟ್ಟು, ಬಲಮೊಣಕಾಲನ್ನು ಎದೆಯ ಕಡೆಗೆ ಮಡಿಸಿ. ದೊಡ್ಡ ಕರುಳಿನ ಕೊನೆಯ ಭಾಗ ಎಡಗಡೆಗೆ ಇಳಿಯುವುದರಿಂದ ಈ ಭಂಗಿಯಲ್ಲಿ ನೀರು ತಾನಾಗಿ ಒಳಸರಿಯುತ್ತದೆ. ಕ್ಯಾಥೆಟರಿನ ತುದಿಯಿಂದ 8 ಸೆಂಟಿಮೀಟರಿಗೆ ಮೊದಲೇ ಒಂದು ಗುರುತು ಮಾಡಿಟ್ಟುಕೊಂಡು, ಗುರುತಿನವರೆಗೂ ಜೆಲ್ಲಿ ಸವರಿ. ದೀರ್ಘವಾಗಿ ಉಸಿರು ತೆಗೆದುಕೊಂಡು ನಿಧಾನವಾಗಿ ಬಿಡುತ್ತಿರುವಾಗ, ತುದಿಯನ್ನು ಹೊಕ್ಕುಳಿನ ದಿಕ್ಕಿಗೆ ಮೆಲ್ಲಗೆ ಸೇರಿಸಿ; ಸ್ವಲ್ಪ ಒಳಹೋದ ಮೇಲೆ ಬೆನ್ನಿನ ಕಡೆಗೆ ತುಸು ತಿರುಗಿಸಿ. ಗುದನಾಳ ಅಲ್ಲಿ ಬಾಗಿರುತ್ತದೆ, ನೇರವಾಗಿ ತಳ್ಳಿದರೆ ತುದಿ ಮುಂದಿನ ಗೋಡೆಗೆ ತಾಗುತ್ತದೆ. ತಡೆ ಕಂಡರೆ ತಳ್ಳಬೇಡಿ. ಸ್ವಲ್ಪ ಹಿಂದಕ್ಕೆ ಎಳೆದು, ಒಂದೆರಡು ಚಮಚದಷ್ಟು ನೀರು ಬಿಟ್ಟು, ಮತ್ತೆ ಪ್ರಯತ್ನಿಸಿ. ಆಗಲೂ ಹೋಗದಿದ್ದರೆ, ಅಥವಾ ಚುಚ್ಚಿದಂತೆ ನೋವಾದರೆ, ಆ ದಿನ ಬಿಟ್ಟುಬಿಡಿ. ಗುರುತನ್ನು ದಾಟಿ ಒಳಗೆ ಸೇರಿಸುವ ಅಗತ್ಯ ಎಂದೂ ಇಲ್ಲ.

ಕ್ಲಿಪ್ಪನ್ನು ಸ್ವಲ್ಪವೇ ಸಡಿಲಿಸಿ. ಅರ್ಧ ಲೀಟರ್ ಹೋಗಲು ಐದರಿಂದ ಹತ್ತು ನಿಮಿಷ ಹಿಡಿದರೆ ಅದೇ ಸರಿಯಾದ ವೇಗ. ನಡುವೆ ಹೊಟ್ಟೆ ಹಿಂಡಿದರೆ ಕ್ಲಿಪ್ಪು ಹಾಕಿ, ಬಾಯಿಂದ ನಿಧಾನವಾಗಿ ಉಸಿರು ಬಿಡಿ, ಹಿಂಡುವಿಕೆ ಒಂದೆರಡು ನಿಮಿಷದಲ್ಲಿ ಇಳಿದ ಮೇಲೆ ಮುಂದುವರಿಸಿ. ತಡೆಯಲಾಗದ ಒತ್ತಡ ಬಂದರೆ ಡಬ್ಬಿ ಖಾಲಿಯಾಗಲಿ ಎಂದು ಕಾಯಬೇಕಾಗಿಲ್ಲ. ಡಬ್ಬಿಯ ಕೊನೆಯ ನೀರು ಕೊಳವೆಗೆ ಇಳಿಯುವ ಮೊದಲೇ ಕ್ಲಿಪ್ಪು ಹಾಕಿ, ಕ್ಯಾಥೆಟರನ್ನು ಮೆಲ್ಲಗೆ ತೆಗೆಯಿರಿ.

ಅದೇ ಮಗ್ಗುಲಲ್ಲಿ ಐದು ನಿಮಿಷ, ಸಾಧ್ಯವಾದರೆ ಹತ್ತು ನಿಮಿಷ ಇರಿ. ಬಲವಂತವಾಗಿ ಹಿಡಿದುಕೊಳ್ಳುವುದು ಬೇಡ. ಏಳುವಾಗ ಮೊದಲು ಕುಳಿತು, ತಲೆ ಸ್ಥಿರವಾಗಿದೆ ಎಂದು ಖಾತ್ರಿಯಾದ ಮೇಲೆ ನಿಲ್ಲಿ. ಕಮೋಡಿನಲ್ಲಿ ಕುಳಿತಾಗ ಕಾಲಡಿಗೆ ಒಂದು ಚಿಕ್ಕ ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿ. ತಿಣುಕಬೇಡಿ. ನೀರು ಎರಡು ಮೂರು ಸಲ ಬಿಟ್ಟುಬಿಟ್ಟು ಬರುವುದುಂಟು, ಆದ್ದರಿಂದ ಇಪ್ಪತ್ತು ನಿಮಿಷ ಅಲ್ಲಿಯೇ ಹತ್ತಿರದಲ್ಲಿರಿ. ಹೊರಬರುವ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಎನಿಮಾ ತೆಗೆದುಕೊಳ್ಳುವುದು ತಪ್ಪು. ದಿನಕ್ಕೆ ಒಮ್ಮೆ ಮಾತ್ರ.

ಹಾಕಿದ ನೀರು ಹೊರಬರದಿದ್ದರೆ ಎರಡನೆಯ ಸಲ ಕೊಡಬೇಡಿ. ಸ್ವಲ್ಪ ನಡೆದಾಡಿ; ಒಂದು ಗಂಟೆಯಾದರೂ ಬರದೆ ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ವೈದ್ಯರನ್ನು ಕಾಣಿ. ತೀವ್ರ ಹೊಟ್ಟೆನೋವು, ರಕ್ತ, ಚಳಿಜ್ವರ, ವಾಂತಿ, ಮೂರ್ಛೆ, ಗೊಂದಲದ ಮಾತು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕರುಳಿಗೆ ತೂತಾಗಿದ್ದರೆ ನೋವು ಕೂಡಲೇ ಕಾಣಿಸದೆ ಕೆಲವು ಗಂಟೆಗಳ ನಂತರ ಏರಬಹುದು, ಆದ್ದರಿಂದ ಆ ದಿನವಿಡೀ ಗಮನವಿರಲಿ. ಎನಿಮಾ ಮಾಡಿಕೊಂಡ ವಿಷಯವನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಅದನ್ನು ಮುಚ್ಚಿಟ್ಟರೆ ರೋಗ ಗುರುತಿಸುವುದು ತಡವಾಗುತ್ತದೆ.

ಆಮೇಲೆ

ಅರ್ಧ ಗಂಟೆ ವಿಶ್ರಾಂತಿ ತೆಗೆದುಕೊಂಡು ಗಂಜಿ, ಉಪ್ಪು ಬೆರೆಸಿದ ನೀರುಮಜ್ಜಿಗೆ ಅಥವಾ ಎಳನೀರು ಕುಡಿಯಿರಿ. ಆ ಹೊತ್ತಿನ ಊಟ ಹಗುರವಾಗಿರಲಿ. ಮರುದಿನ ಮಲವಿಸರ್ಜನೆ ಆಗದಿದ್ದರೆ ಗಾಬರಿಯಾಗಬೇಡಿ, ಖಾಲಿಯಾದ ಕರುಳು ತುಂಬಲು ಒಂದೆರಡು ದಿನ ಬೇಕಾಗುತ್ತದೆ. ಇದನ್ನು ತಿಳಿಯದೆ ಮರುದಿನವೇ ಇನ್ನೊಂದು ಎನಿಮಾ ತೆಗೆದುಕೊಂಡು, ಅದೇ ಅಭ್ಯಾಸವಾಗಿ, ಎನಿಮಾ ಇಲ್ಲದೆ ಹೊರಹೋಗುವುದೇ ಇಲ್ಲವೆಂಬ ಸ್ಥಿತಿಗೆ ಬರುವವರಿದ್ದಾರೆ.

ಡಬ್ಬಿ, ಕೊಳವೆ, ಕ್ಯಾಥೆಟರುಗಳನ್ನು ಸೋಪು ಮತ್ತು ಬಿಸಿನೀರಿನಲ್ಲಿ ತೊಳೆದು, ಕೊಳವೆಯೊಳಗೂ ನೀರು ಹಾಯಿಸಿ, ತಲೆಕೆಳಗಾಗಿ ತೂಗುಹಾಕಿ ಪೂರ್ತಿ ಒಣಗಿಸಿ. ಒಮ್ಮೆ ಬಳಸಿ ಎಸೆಯುವ ಕ್ಯಾಥೆಟರ್ ಸಿಕ್ಕರೆ ಅದೇ ಉತ್ತಮ. ಒಂದು ಡಬ್ಬಿಯನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬಾರದು, ಗಂಡಹೆಂಡತಿಯೂ ಹಂಚಿಕೊಳ್ಳಬಾರದು.

ದಿನನಿತ್ಯದ ಕೆಲಸ

ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಬಸ್ಸು ತಪ್ಪುತ್ತದೆ ಎಂದು ಆ ಹೊತ್ತಿನ ಕರೆಯನ್ನು ದಿನವೂ ತಡೆದವರಿಗೆ ಕ್ರಮೇಣ ಕರೆ ಬರುವುದೇ ಕಡಿಮೆಯಾಗುತ್ತದೆ. ಹತ್ತು ನಿಮಿಷ ಮುಂಚೆ ಎದ್ದು, ತಿಂಡಿಯಾದ ಮೇಲೆ ಫೋನಿಲ್ಲದೆ ಕುಳಿತುಕೊಳ್ಳುವುದನ್ನು ಕೆಲವು ವಾರ ಬಿಡದೆ ಮಾಡಿದರೆ ಹಲವರಿಗೆ ಎನಿಮಾದ ಅಗತ್ಯವೇ ಬೀಳುವುದಿಲ್ಲ. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ರಾಗಿಮುದ್ದೆ, ಬಸ್ಸಾರಿನ ಸೊಪ್ಪು ಕಾಳು, ಜೋಳದ ರೊಟ್ಟಿಯ ಜೊತೆಗಿನ ಹಸಿ ತರಕಾರಿ, ಸೀಬೆ, ಪರಂಗಿ, ಇವೆಲ್ಲ ಅದನ್ನು ಕೊಡುತ್ತವೆ. ಬಿಳಿ ಅನ್ನ ತಿಳಿಸಾರಿನಲ್ಲಿ ಅದು ಸಿಗುವುದಿಲ್ಲ. ನಡಿಗೆ, ನಿದ್ದೆ, ಸಮಯಕ್ಕೆ ಸರಿಯಾದ ಊಟ ಕರುಳಿಗೂ ಮನಸ್ಸಿಗೂ ಒಟ್ಟಿಗೇ ಒದಗುವಂಥವು. ಇವುಗಳಿಂದ ಮನಸ್ಸಿಗೆ ಆಗುವ ಒಳಿತಿಗೆ ಎನಿಮಾಗೆ ಇಲ್ಲದಷ್ಟು ಗಟ್ಟಿಯಾದ ಆಧಾರವಿದೆ.

ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಎನಿಮಾ ಬೇಕಾಗುತ್ತಿದ್ದರೆ ವೈದ್ಯರನ್ನು ಕಾಣುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಥೈರಾಯ್ಡ್ ಕಡಿಮೆಯಾಗಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕಬ್ಬಿಣಾಂಶದ ಅಥವಾ ನೋವಿನ ಮಾತ್ರೆ ಕಾರಣವಾಗಿರಬಹುದು, ಮಲವಿಸರ್ಜನೆಯ ಹೊತ್ತಿನಲ್ಲಿ ಸಡಿಲವಾಗಬೇಕಾದ ಸ್ನಾಯುಗಳು ಬಿಗಿಯಾಗುತ್ತಿರಬಹುದು. ಈ ಕೊನೆಯದಕ್ಕೆ ವ್ಯಾಯಾಮದ ತರಬೇತಿಯಿಂದ ಒಳ್ಳೆಯ ಗುಣ ಸಿಗುತ್ತದೆ. ನಲವತ್ತೈದು ದಾಟಿದವರಲ್ಲಿ ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾದರೆ, ರಕ್ತ ಬಿದ್ದರೆ, ತೂಕ ಇಳಿಯುತ್ತಿದ್ದರೆ, ಹತ್ತಿರದ ಸಂಬಂಧಿಕರಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ ಒಂದು ತಿಂಗಳೂ ಕಾಯಬಾರದು. ಹೋಗುವಾಗ ಎರಡು ವಾರದ ಟಿಪ್ಪಣಿ ಜೊತೆಗಿರಲಿ: ಯಾವ ದಿನ ಮಲವಿಸರ್ಜನೆ ಆಯಿತು, ಗಟ್ಟಿಯೋ ಮೆತ್ತಗೋ, ತಿಣುಕಬೇಕಾಯಿತೋ, ಎನಿಮಾ ಯಾವಾಗ ತೆಗೆದುಕೊಂಡಿರಿ, ಎಷ್ಟು ನೀರು ಹಾಕಿದಿರಿ. ಮನಸ್ಸಿನ ಕಾಯಿಲೆಯ ಮಾತ್ರೆಗಳೂ ಸೇರಿದಂತೆ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ.